ಗಂಟಲು ನೋಡುವ ನೂಲು

ನಮ್ಮ ಮನೆಯ ಹೊಸ್ತಿಲ ಮೇಲೆ ಬೆಳಗಿನ ಹತ್ತು ಗಂಟೆಗೆ ಒಂದು ಚಾಪೆಯಗಲದ ಬಿಸಿಲು ಬೀಳುತ್ತಿತ್ತು. ಇಳಕಲ್ಲಿನ ನಮ್ಮ ಓಣಿಯಲ್ಲಿ ಬೆಳೆದವರಲ್ಲಿ ಆ ಬಿಸಿಲಿಗೆ ಮುಖ ಮಾಡಿ ಕುಳಿತು ಬಾಯಿ ತೆರೆಯದವರು ಯಾರೂ ಇರಲಿಕ್ಕಿಲ್ಲ. ಅವರ ಎದುರಿಗೆ ಕುಕ್ಕರುಗಾಲಲ್ಲಿ ಕೂರುತ್ತಿದ್ದವಳು ನನ್ನ ಆಯಿ, ಅಪ್ಪನ ತಾಯಿ, ಗೌರವ್ವ. ಚಮಚವನ್ನು ತಿರುವಿ ಹಿಡಿದು ಅದರ ಹಿಡಿಕೆಯಿಂದ ನಾಲಿಗೆ ಅದುಮಿ, ಗದ್ದವನ್ನು ಎಡಗೈಯಿಂದ ಎತ್ತಿ ಬಿಸಿಲನ್ನು ಗಂಟಲೊಳಗೆ ಬಿಟ್ಟುಕೊಳ್ಳುತ್ತಿದ್ದಳು. ಆಕೆ ವೈದ್ಯಳಲ್ಲ. ಉಪ್ಪುನೀರು, ಅರಿಶಿನ, ಮೆಣಸು ಬಿಟ್ಟು ಬೇರೆ ಔಷಧಿಯ ಹೆಸರು ಆಕೆಗೆ ಗೊತ್ತಿರಲಿಲ್ಲ. ಆಕೆ ಮಾಡುತ್ತಿದ್ದುದು ಒಂದೇ ಕೆಲಸ, ಈ ಗಂಟಲು ಮನೆಯಲ್ಲೇ ವಾಸಿಯಾಗುವಂಥದ್ದೋ ದವಾಖಾನೆಗೆ ಹೋಗಬೇಕಾದದ್ದೋ ಎಂದು ಹೇಳುವುದು. ಅದನ್ನೂ ಹೇಳಲು ಬಾರದ ದೊಡ್ಡವರನ್ನು ನಾನು ಆಮೇಲೆ ಬೇಕಾದಷ್ಟು ನೋಡಿದ್ದೇನೆ.

ಮನೆ ದೊಡ್ಡದೇನಲ್ಲ. ಹೊಸ್ತಿಲು ದಾಟಿದರೆ ಎರಡು ಕುಣಿಮಗ್ಗಗಳ ಪಡಸಾಲೆ. ಒಂದರ ಕುಣಿಯಲ್ಲಿ ಅಪ್ಪ, ಇನ್ನೊಂದರಲ್ಲಿ ಅವ್ವ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದರು. ಹೊರಗಿನಿಂದ ಬಂದವರಿಗೆ ಮೊದಲು ಕಾಣುತ್ತಿದ್ದುದು ಅವರ ತಲೆಗಳು ಮಾತ್ರ. ಅದರಾಚೆ ನಡುಮನೆ, ರಾಟೆ, ನೂಲು ಸುತ್ತಿದ ಕಂಡಿಕೆಗಳ ಬುಟ್ಟಿ, ಆಮೇಲೆ ಅಡುಗೆಮನೆ. ಊಟಕ್ಕೆ ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂರಬೇಕು. ಆಯಿಯ ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತಿತ್ತು. ಕಟಕು ರೊಟ್ಟಿಯನ್ನು ದೂರ ಸರಿಸಿ ನುಚ್ಚು ಮಜ್ಜಿಗೆ ಕೇಳಿದವರು, ಸಾರಿನಲ್ಲಿ ರೊಟ್ಟಿ ನೆನೆಸಿಟ್ಟು ಕಾಯುವವರು, ನುಂಗುವಾಗ ಒಂದು ಕಣ್ಣು ಮುಚ್ಚುವವರು, ಎಲ್ಲರ ಲೆಕ್ಕವೂ ಆಕೆಯ ಬಳಿ ಇರುತ್ತಿತ್ತು.

"ಗಿರಿಜಿ, ಯಾಕ ರೊಟ್ಟಿ ನೆನಿಸಾಕತ್ತಿ? ಹಲ್ಲ ಬಿದ್ದಾವೇನ ನಿನಗ?"

"ಇಲ್ಲ ಆಯಿ, ಸುಮ್ನ," ಎನ್ನುತ್ತಿದ್ದೆ ನಾನು.

"ಸುಮ್ನ ಯಾರೂ ರೊಟ್ಟಿ ನೆನಸೂದಿಲ್ಲ. ನಾಳಿಗೆ ಬಿಸಲಿಗೆ ಕೂಡು."

ಬಿಸಿಲಿಗೆ ಕೂರಿಸಿದ ಮೇಲೆ ಮೂಗು ಸೋರುತ್ತದೆಯೋ, ಕೆಮ್ಮು ಇದೆಯೋ ಎಂದು ಕೇಳುವಳು. ಇದೆ ಎಂದರೆ ಆಕೆಯ ಮುಖ ಅಲ್ಲೇ ಸಡಿಲವಾಗುತ್ತಿತ್ತು. ನೆಗಡಿಯ ಗಂಟಲು, ನಾಲ್ಕು ದಿನದ ಬೀಗರು, ಬಂದ ದಾರಿಯಲ್ಲೇ ಹೋಗುತ್ತಾರೆ. ಕೆಲವರಿಗೆ ಕಿರುನಾಲಿಗೆ ಬಿದ್ದಿದೆ ಎಂದು ನೆತ್ತಿಯ ಕೂದಲು ಹಿಡಿದು ಜಗ್ಗುತ್ತಿದ್ದಳು. ಅದರಿಂದ ಏನು ಎದ್ದಿತೋ ಕಾಣೆ, ಜಗ್ಗಿಸಿಕೊಂಡವರು ಮಾತ್ರ ಎದ್ದು ಓಡುತ್ತಿದ್ದರು. ಆದರೆ ಮೂಗೂ ಸೋರದೆ, ಕೆಮ್ಮೂ ಇಲ್ಲದೆ, ಮೈ ಮಾತ್ರ ಸುಡುತ್ತಿದ್ದರೆ ಆಕೆಯ ಬೆರಳುಗಳು ದವಡೆಯ ಕೆಳಗೆ ಹೋಗುತ್ತಿದ್ದವು. ಅಲ್ಲಿ ಗಂಟು ಸಿಕ್ಕಿ, ಮುಟ್ಟಿದರೆ ಮಗು ಚೀರಿ, ಗಂಟಲಿನ ಎರಡೂ ಪಕ್ಕದಲ್ಲಿ ಬಿಳಿ ಕಂಡರೆ ಮುಗಿಯಿತು. ಬಿಳಿ ಕಂಡ ಮಗು ಆ ಹೊತ್ತಿನಲ್ಲೇ ದವಾಖಾನೆಗೆ ಹೋಗಬೇಕು, ಮಗ್ಗ ನಿಂತರೂ ಸರಿ, ಮಳೆ ಬಂದರೂ ಸರಿ. ಈ ವಿಷಯದಲ್ಲಿ ಆಕೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅಪ್ಪನಿಗಿಂತ ಮೊದಲು ಹುಟ್ಟಿದ ಮಗಳೊಬ್ಬಳನ್ನು ನಾಲ್ಕು ವರ್ಷದವಳಿದ್ದಾಗ ಆಕೆ ಗಂಟಲಮಾರಿಗೆ ಕೊಟ್ಟಿದ್ದಳು. ಆ ಮಗುವಿನ ಗಂಟಲಲ್ಲಿದ್ದ ಬಿಳಿಯನ್ನು ಹಾಲಿನ ಕೆನೆ ಎಂದುಕೊಂಡು ಎರಡು ದಿನ ಸುಮ್ಮನಿದ್ದಳಂತೆ. ಆಮೇಲೆಯೇ ಆಕೆ ಊರ ಮಕ್ಕಳ ಬಾಯಿ ನೋಡಲು ಶುರು ಮಾಡಿದ್ದು.

ಅವ್ವನಿಗೆ ಇದು ಅಷ್ಟಾಗಿ ಸೇರುತ್ತಿರಲಿಲ್ಲ. ಬಾಯಿ ನೋಡುವುದಕ್ಕೆ ಓದಿದವರಿಲ್ಲವೇ ಎಂಬುದು ಅವಳ ವಾದ. ಅತ್ತೆ ಸೊಸೆಯರ ನಡುವೆ ಈ ಬಗ್ಗೆ ವಾರಕ್ಕೊಂದು ಜಗಳವಾಗುತ್ತಿತ್ತು. ಅವ್ವ ನೇಯುತ್ತಲೇ ಜಗಳವಾಡುವವಳು. ಸಿಟ್ಟು ಏರಿದಂತೆ ಲಾಳಿ ಜೋರಾಗಿ ಓಡುತ್ತಿತ್ತು, ಹಾಗಾಗಿ ಜಗಳದ ದಿನ ಸೀರೆ ಒಂದಿಷ್ಟು ಹೆಚ್ಚೇ ಬೆಳೆಯುತ್ತಿತ್ತು. ಅಪ್ಪ ಮಾತ್ರ ಯಾರ ಪಕ್ಷವನ್ನೂ ವಹಿಸದೆ, ಇಬ್ಬರಿಗೂ ಕೇಳುವಂತೆ ಎಳೆ ಕಡಿಯಿತೆಂದು ಗೊಣಗಿ ತಲೆ ತಗ್ಗಿಸುತ್ತಿದ್ದ.

ನನಗೆ ಹತ್ತು ತುಂಬುವ ಹೊತ್ತಿಗೆ ನಾನೂ ಈ ಕೆಲಸದಲ್ಲಿ ಸಿಕ್ಕಿಬಿದ್ದೆ. ಅದಕ್ಕೆ ಕಾರಣ ಹುಸೇನಬಿ. ಆಕೆ ನಮ್ಮ ಹಿತ್ತಲ ಗೋಡೆಯಾಚೆ ನೂಲಿಗೆ ಬಣ್ಣ ಹಾಕುತ್ತಿದ್ದವಳು, ಆಯಿಯ ಗೆಳತಿ. ಎರಡೂ ಕೈ ಮೊಣಕೈವರೆಗೆ ಯಾವಾಗಲೂ ಯಾವುದಾದರೊಂದು ಬಣ್ಣದಲ್ಲಿರುತ್ತಿದ್ದವು. ಒಂದು ದಿನ ತನ್ನ ಮೊಮ್ಮಗಳು ರೇಷ್ಮಾಳನ್ನು ಎತ್ತಿಕೊಂಡು ಬಂದಳು. ಆಯಿ ಚಮಚ ಹಾಕಿ, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿ ಹೇಳಿದಳು:

"ಭಾಳ ಕೆಂಪಾಗೈತಿ ಹುಸೇನಬಿ. ಉಪ್ಪನೀರು ಮುಕ್ಕಳಸು."

ನಾನು ಆಯಿಯ ಭುಜದ ಮೇಲಿಂದ ಇಣುಕಿದೆ. ಯಾವುದೋ ಗಿಳಿಹಸಿರು ಪೆಪ್ಪರಮಿಂಟು ತಿಂದು ರೇಷ್ಮಾಳ ನಾಲಿಗೆ, ಅಂಗುಳ, ಗಂಟಲು ಎಲ್ಲಾ ಪಚ್ಚೆಯಾಗಿತ್ತು.

"ಆಯಿ, ಹಸರೈತಿ!"

ಹುಸೇನಬಿ ಹೊಟ್ಟೆ ಹಿಡಿದು ನಕ್ಕಳು. ಆಯಿಯೂ ನಕ್ಕು, ನಮ್ಮ ಗಿರಿಜಿಯ ಪರೀಕ್ಷೆ ಮಾಡಿದೆ, ಪಾಸಾದಳು ಎಂದಳು. ಆದರೆ ಮಧ್ಯಾಹ್ನ ಅವ್ವ ನೀರಿಗೆ ಹೋದಾಗ ನನ್ನನ್ನು ರಾಟೆಯ ಹಿಂದೆ ಕರೆದು ಕೂರಿಸಿಕೊಂಡಳು.

"ನನಗ ಕಣ್ಣಾಗ ಪೊರಿ ಬಂದೈತಿ ಮಗಳ. ಆಕಾರ ಕಾಣ್ತಾವು, ಬಣ್ಣ ಕಾಣಂಗಿಲ್ಲ. ಎಲ್ಲಾ ಮಬ್ಬ."

"ಆಪರೇಶನ್ ಮಾಡಸ್ಕೋ."

"ನಮ್ಮ ಅಕ್ಕ ಮಾಡಿಸ್ಕೊಂಡ ಬಂದ್ಲು. ಇದ್ದಷ್ಟೂ ಹೋತು. ಮೂಲ್ಯಾಗ ಕುಂತಳು, ಅಲ್ಲೇ ಸತ್ತಳು. ನಿಮ್ಮವ್ವಗ ಗೊತ್ತಾದ್ರ ನನಗೂ ಅದ ಮೂಲಿ. ಬನಶಂಕರಿ ಆಣಿ ಹಾಕು, ಯಾರಿಗೂ ಹೇಳಂಗಿಲ್ಲ ಅಂತ."

ಬನಶಂಕರಿ ನಮ್ಮ ಮನೆದೇವರು. ಆ ಆಣೆಯನ್ನು ನಮ್ಮ ಮನೆಯಲ್ಲಿ ದೊಡ್ಡವರು ಕೂಡ ಸುಮ್ಮನೆ ಹಾಕುತ್ತಿರಲಿಲ್ಲ. ನಾನು ಹಾಕಿದೆ. ಹೆಮ್ಮೆಯೂ ಆಯಿತು ಅನ್ನಿ. ಹತ್ತು ವರ್ಷದವಳಿಗೆ ದೊಡ್ಡವರೊಬ್ಬರ ಗುಟ್ಟು ಸಿಕ್ಕುವುದೆಂದರೆ ಸಣ್ಣ ಮಾತೇ?

ಆಮೇಲೆ ಆಯಿ ಒಂದು ಉಪಾಯ ಮಾಡಿದಳು. ನೇಯ್ದು ಉಳಿದ ನೂಲಿನ ತುಂಡುಗಳನ್ನು ಗೇಣುದ್ದಕ್ಕೆ ಕತ್ತರಿಸಿ ಒಂದು ಗೊಂಚಲು ಮಾಡಿ ಬಾಗಿಲ ಮೊಳೆಗೆ ತೂಗುಹಾಕಿದಳು. ಗುಲಾಬಿ ನೂಲಿಗೆ ಒಂದು ಗಂಟು, ಕುಂಕುಮ ಕೆಂಪಿಗೆ ಎರಡು, ಕಡುಗೆಂಪು ದಾಳಿಂಬರಿಗೆ ಮೂರು. ಬಿಳಿಗೆ ಗಂಟಿಲ್ಲ. ಯಾರಾದರೂ ಬಂದರೆ ಆಯಿ ಚಮಚ ಹಿಡಿಯುವಳು, ನಾನು ಇಣುಕಿ ನೋಡಿ, ಗಂಟಲು ಯಾವ ಬಣ್ಣಕ್ಕೆ ಹೊಂದುತ್ತದೋ ಆ ನೂಲನ್ನು ಎಳೆದು ಆಕೆಯ ಅಂಗೈಗೆ ಇಡುವೆ. ಆಕೆಯ ಹೆಬ್ಬೆರಳು ಗಂಟು ಎಣಿಸುತ್ತಿತ್ತು. ಗುಲಾಬಿ ಎಂದರೆ ಏನೂ ಇಲ್ಲ, ಸಾಲೆ ತಪ್ಪಿಸಲು ಬಂದಿದ್ದಾನೆ. ಕುಂಕುಮ ಎಂದರೆ ಉಪ್ಪುನೀರು. ದಾಳಿಂಬರಿ ಎಂದರೆ ಉಪ್ಪುನೀರು, ಮತ್ತೆ ನಾಳೆ ತೋರಿಸು. ಗಂಟಿಲ್ಲದ ನೂಲು ಬಂದರೆ ಎದ್ದುಬಿಡುತ್ತಿದ್ದಳು. ನೇಕಾರರ ಓಣಿಯಲ್ಲಿ ಬಣ್ಣವನ್ನು ನೂಲಿಗೆ ಹಚ್ಚಿ ನೋಡುವುದು ಯಾರಿಗೂ ವಿಚಿತ್ರವೆನಿಸಲಿಲ್ಲ. ಗೌರವ್ವ ಮೊಮ್ಮಗಳಿಗೆ ವಿದ್ಯೆ ಕಲಿಸುತ್ತಿದ್ದಾಳೆ ಎಂದು ಎಲ್ಲರೂ ಮೆಚ್ಚಿದರು. ಅವ್ವ ಕೂಡ ಒಮ್ಮೆ ಮಗ್ಗದಿಂದಲೇ ನೋಡಿ, ಅಷ್ಟಾದರೂ ಬುದ್ಧಿ ಬರಲಿ ಎಂದಳು.

ಎರಡು ವರ್ಷ ಹೀಗೆ ನಡೆಯಿತು. ಆ ಎರಡು ವರ್ಷ ನಾನು ಆಯಿಗೆ ಅಂಟಿಕೊಂಡೇ ಇದ್ದೆ. ಆಕೆಯ ಪಕ್ಕದಲ್ಲೇ ಮಲಗಿ, ಆಕೆ ಎಲೆಯಡಿಕೆ ಕುಟ್ಟುವ ಸದ್ದಿಗೇ ಏಳುತ್ತಿದ್ದೆ. ಸೀರೆಯ ಮೈಯ ಉದ್ದೆಳೆಗಳಿಗೆ ಸೆರಗಿನ ಉದ್ದೆಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸ ನಮ್ಮ ಮನೆಯಲ್ಲಿ ಆಯಿಯದು. ಬೆರಳಿನ ನೆನಪಿನಿಂದಲೇ ಅದನ್ನು ಮಾಡುತ್ತಿದ್ದಳು, ಎಲ್ಲಾದರೂ ಎಳೆ ತಪ್ಪಿದರೆ ನಾನು ಮೊಣಕೈಯಿಂದ ತಿವಿಯುತ್ತಿದ್ದೆ. ನನ್ನ ಜೀವನದಲ್ಲಿ ಅಷ್ಟು ಬೇಕಾದವಳಾಗಿ ನಾನು ಆಮೇಲೆ ಯಾರಿಗೂ ಇರಲಿಲ್ಲ. ಈಗ ನೆನೆದರೆ ಹೊಟ್ಟೆಯಲ್ಲಿ ತಣ್ಣಗಾಗುತ್ತದೆ, ಜೊತೆಗೆ ಒಂದು ಮುಳ್ಳೂ ಆಡುತ್ತದೆ.

ಆ ಮುಳ್ಳಿನ ಸಂಗತಿ ಹೇಳುತ್ತೇನೆ. ಸಾಲೆಯಿಂದ ಬಾದಾಮಿಗೆ ಟ್ರಿಪ್ ಗೊತ್ತಾಗಿತ್ತು. ಗುಹೆ, ಹೊಂಡ, ಮಂಗಗಳು, ಬರುವಾಗ ಬನಶಂಕರಿ ಗುಡಿ. ನಾನು ಅಲ್ಲಿಯವರೆಗೆ ಹುನಗುಂದ ದಾಟಿದವಳಲ್ಲ. ಟ್ರಿಪ್ಪಿನ ಹಿಂದಿನ ದಿನ ಬೆಳಿಗ್ಗೆ ಎದ್ದಾಗ ಉಗುಳು ನುಂಗಿದರೆ ಗಂಟಲಿಗೆ ಗಾಜು ಚುಚ್ಚಿದಂತಾಯಿತು. ಮೈ ಸುಡುತ್ತಿತ್ತು. ಮೂಗು ಒಣಗಿತ್ತು, ಕೆಮ್ಮಿನ ಸುಳಿವಿಲ್ಲ. ಆಯಿಯ ವಿದ್ಯೆ ನನಗೆ ಬಾಯಿಪಾಠವಾಗಿತ್ತಲ್ಲ, ದವಡೆಯ ಕೆಳಗೆ ನಾನೇ ಮುಟ್ಟಿ ನೋಡಿಕೊಂಡೆ. ಎರಡೂ ಕಡೆ ಹುಣಸೆಬೀಜದಂಥ ಗಂಟು. ರೊಟ್ಟಿ ಬೇಡವೆಂದದ್ದಕ್ಕೆ ಅವ್ವನಿಗೆ ಅನುಮಾನ ಬಂದು ಹಣೆ ಮುಟ್ಟಿದಳು.

"ಕಾದೈತಿ. ಡಾಕ್ಟರ ಕಡೆ ಹೋಗೂಣ ನಡಿ."

"ತಡಿ," ಎಂದಳು ಆಯಿ, "ಮೊದಲ ನಾ ನೋಡ್ತೇನಿ."

ಬಿಸಿಲಿಗೆ ಕೂರಿಸಿದಳು. ದವಡೆಯ ಕೆಳಗೆ ಆಕೆಯ ಬೆರಳಿಗೂ ಗಂಟು ಸಿಕ್ಕಿತು, ಇನ್ನು ಬಿಳಿಯೊಂದೇ ನೋಡುವುದಿತ್ತು. ಆಗಲೇ ನಮ್ಮಿಬ್ಬರಿಗೂ ತೊಡಕು ಗೊತ್ತಾದದ್ದು. ಊರ ಗಂಟಲುಗಳನ್ನು ನೋಡುತ್ತಿದ್ದುದು ನಾನು. ನನ್ನ ಗಂಟಲನ್ನು ನೋಡುವವರು ಯಾರು? ಆಯಿ ಸದ್ದಿಲ್ಲದೆ ಅಪ್ಪನ ದಾಡಿಯ ಕನ್ನಡಿಯನ್ನು ನನ್ನ ಕೈಗಿತ್ತಳು. ಅವ್ವ ಮಗ್ಗದ ಕುಣಿಯಲ್ಲಿ ಕೈ ನಿಲ್ಲಿಸಿ ಕಾಯುತ್ತಿದ್ದಳು. ನಾನು ಬಾಯಿ ತೆರೆದೆ, ಆಯಿ ನಾಲಿಗೆ ಅದುಮಿದಳು, ಕನ್ನಡಿಯಲ್ಲಿ ನೋಡಿದೆ. ದಾಳಿಂಬರಿ ಕೆಂಪಿನ ಮೇಲೆ ಎರಡೂ ಪಕ್ಕದಲ್ಲಿ ಮೊಸರು ಚೆಲ್ಲಿದಂತೆ ಬಿಳಿ. ಅಷ್ಟು ಸ್ಪಷ್ಟವಾದ ಬಿಳಿಯನ್ನು ನಾನು ಬೇರೆ ಯಾವ ಗಂಟಲಲ್ಲೂ ನೋಡಿರಲಿಲ್ಲ. ಗೊಂಚಲಿಗೆ ಕೈ ಹಾಕಿದೆ. ಬಿಳಿ ನೂಲು ಬೆರಳಿಗೆ ಸಿಕ್ಕಿತ್ತು ಕೂಡ. ಅದನ್ನು ಬಿಟ್ಟು ಮೂರು ಗಂಟಿನದನ್ನು ಎಳೆದು ಆಯಿಯ ಅಂಗೈಗೆ ಇಟ್ಟೆ.

ಹೆಬ್ಬೆರಳು ಗಂಟು ಎಣಿಸಿತು. ಆಯಿ ಅವ್ವನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು:

"ಬಿಳಿ ಇಲ್ಲ. ಕೆಂಪಗೈತಿ ಅಷ್ಟ. ಉಪ್ಪನೀರು ಕೊಡು. ಹುಡುಗಿ ನಾಳಿಗೆ ಬಾದಾಮಿಗೆ ಹೋಗ್ಲಿ."

ನಾನು ಹೋದೆ. ಅಮೀನಗಡದಲ್ಲಿ ಬಸ್ಸು ನಿಲ್ಲಿಸಿ ಎಲ್ಲರಿಗೂ ಕರದಂಟು ಕೊಟ್ಟರು, ನುಂಗಲಾರದೆ ನನ್ನದನ್ನು ಪಕ್ಕದವಳಿಗೆ ಕೊಟ್ಟೆ. ಬಾದಾಮಿಯ ಮೆಟ್ಟಿಲುಗಳನ್ನು ಎಣಿಸುತ್ತಾ ಹತ್ತಿದೆ, ಗುಹೆಯ ತಂಪು ಕಲ್ಲಿಗೆ ಕೆನ್ನೆ ಒತ್ತಿ ನಿಂತೆ, ಐಸ್‌ಕ್ಯಾಂಡಿ ತಿಂದೆ, ಅದೊಂದೇ ಆ ದಿನ ಸುಖವಾಗಿ ಇಳಿದದ್ದು. ಬನಶಂಕರಿಯ ಮುಂದೆ ಕೈಮುಗಿದಾಗ ಮಾತ್ರ ದೇವಿಯ ಮುಖ ನೋಡಲಾಗದೆ ಆಕೆಯ ಸೀರೆಯ ಅಂಚನ್ನೇ ನೋಡುತ್ತಿದ್ದೆ. ನಾಲ್ಕು ದಿನದಲ್ಲಿ ಗಂಟಲು ತಾನೇ ವಾಸಿಯಾಯಿತು. ನಾನು ಗೆದ್ದೆ ಅಂದುಕೊಂಡೆ.

ಮೂರು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಬಲ ಮೊಣಕಾಲು ಕುಂಬಳಕಾಯಿಯಂತೆ ಊದಿ ಕೆಂಪಾಯಿತು. ಎಣ್ಣೆ ತಿಕ್ಕಿದರು. ಮೂರನೆಯ ದಿನಕ್ಕೆ ಮೊಣಕಾಲು ಇಳಿದು ಎಡ ಪಾದದ ಹರಡಿನ ಕೀಲು ಊದಿತು. ಆಮೇಲೆ ಮಣಿಕಟ್ಟು. ನೋವು ಮನೆ ಬದಲಿಸುವ ಬಾಡಿಗೆಯವರಂತೆ ಕೀಲಿನಿಂದ ಕೀಲಿಗೆ ಹೋಗುತ್ತಿತ್ತು. ಹೊದಿಕೆ ತಾಕಿದರೂ ಚೀರುತ್ತಿದ್ದೆ. ಅಪ್ಪ ಮಗ್ಗ ನಿಲ್ಲಿಸಿದ. ಅಪ್ಪ, ಅವ್ವ ಇಬ್ಬರೂ ನನ್ನನ್ನು ಬಾಗಲಕೋಟೆಗೆ ಹೊತ್ತುಕೊಂಡು ಹೊರಟರು, ಬೇಡವೆಂದರೂ ಆಯಿ ಬಸ್ಸು ಹತ್ತಿದಳು.

ಮಕ್ಕಳ ಡಾಕ್ಟರರ ದವಾಖಾನೆ ಹಳೆಯ ಪೇಟೆಯಲ್ಲಿತ್ತು. ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಆ ಓಣಿಯವರು ಮನೆಗಳ ಬಾಗಿಲು, ಕಿಟಕಿ, ತೊಲೆಗಳನ್ನು ಕಿತ್ತು ಗಾಡಿಗೆ ಹೇರಿ ಹೊಸ ಊರಿಗೆ ಸಾಗಿಸುತ್ತಿದ್ದರು. ಬಾಗಿಲಿಲ್ಲದ ಮನೆಗಳ ನಡುವೆ ಆ ದವಾಖಾನೆಯೊಂದು ಇನ್ನೂ ತೆರೆದಿತ್ತು. ಡಾಕ್ಟರು ನಿಧಾನದ ಮನುಷ್ಯ. ಕೀಲುಗಳನ್ನು ನೋಡಿದರು, ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು, ಇನ್ನೊಮ್ಮೆ ಕೇಳಿದರು. ಆಮೇಲೆ ಅವ್ವನನ್ನು ಕೇಳಿದರು:

"ತಿಂಗಳೊಳಗ ಹುಡುಗಿಗೆ ಗಂಟಲ ಬ್ಯಾನಿ ಬಂದಿತ್ತೇನ್ರಿ?"

"ಬಂದಿತ್ರಿ. ನಮ್ಮ ಅತ್ತಿ ನೋಡಿದ್ರು. ಬಿಳಿ ಇಲ್ಲ ಅಂದ್ರು."

"ಖಾತ್ರಿ ಏನ್ರಿ ಅಜ್ಜಿ? ಕೀಲು ಊದಾಕ ಹತ್ತು ಕಾರಣ ಇರ್ತಾವು. ಗಂಟಲಾಗ ಬಿಳಿ ಇತ್ತಂದ್ರ ಒಂದ ದಾರಿ, ಇರಲಿಲ್ಲಂದ್ರ ಬ್ಯಾರೆ ದಾರಿ. ನೆನಪ ಮಾಡ್ಕೊಂಡ ಹೇಳ್ರಿ."

ಹೇಳಬೇಕಾದವಳು ನಾನು. ಹೇಳಿದರೆ ನನ್ನ ಸುಳ್ಳಿನ ಜೊತೆ ಆಯಿಯ ಗುಟ್ಟೂ ಹೊರಬೀಳುತ್ತದೆ, ಬನಶಂಕರಿಯ ಆಣೆಯೂ ಮುರಿಯುತ್ತದೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಖರೆ ಹೇಳಬೇಕೆಂದರೆ ಹೆದರಿದ್ದೆ, ಅಷ್ಟೇ. ಆಯಿ ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡಳು. ಮಗನ ಕಡೆಗೂ ನೋಡಲಿಲ್ಲ, ಸೊಸೆಯ ಕಡೆಗೂ ನೋಡಲಿಲ್ಲ.

"ನನಗ ಕಣ್ಣ ಕಾಣಂಗಿಲ್ರಿ ಸಾಹೇಬ್ರ. ಎರಡು ವರ್ಷ ಆತು. ಮನ್ಯಾಗ ಯಾರಿಗೂ ಹೇಳಿಲ್ಲ. ಬಿಳಿ ಇಲ್ಲ ಅಂತ ನಾ ಅಂದದ್ದು ನೋಡಿ ಅಂದದ್ದಲ್ಲ. ಇತ್ತು ಅಂತ ತಿಳ್ಕೊಂಡ ಔಷಧ ಕೊಡ್ರಿ."

ನೂಲಿನ ಮಾತು ಎತ್ತಲಿಲ್ಲ. ನನ್ನ ಹೆಸರೂ ಎತ್ತಲಿಲ್ಲ. ವಾರಕ್ಕೊಂದು ಜಗಳ ತೆಗೆಯುತ್ತಿದ್ದ ಅವ್ವ ಈ ಜಗಳವನ್ನು ಗೆದ್ದಿದ್ದಳು. ಆದರೆ ಅವಳು ಅತ್ತೆಯ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದಳು. ಎರಡು ವರ್ಷ ಆಕೆ ಗೋಡೆ ತಡವುತ್ತಾ ಓಡಾಡಿದ್ದನ್ನು ತಾನು ನೋಡಿಯೂ ನೋಡಲಿಲ್ಲವಲ್ಲ ಎಂದು ಅವ್ವ ಆಮೇಲೆ ಎಷ್ಟೋ ವರ್ಷ ಹೇಳಿಕೊಳ್ಳುತ್ತಿದ್ದಳು.

ರಕ್ತ ಪರೀಕ್ಷೆಯೂ ಆಯಿಯ ಮಾತನ್ನೇ ಹೇಳಿತು. ಗಂಟಲಲ್ಲಿ ಆ ಬಿಳಿ ತಂದ ರೋಗಾಣುವಿಗೆ ಸಮಯಕ್ಕೆ ಔಷಧ ಸಿಗದಿದ್ದರೆ, ಗಂಟಲು ವಾಸಿಯಾದ ಮೇಲೆ ಹೀಗೆ ಕೀಲುಗಳಿಗೆ ಬರುತ್ತದಂತೆ. ಕೀಲಿನ ನೋವು ಹೋಗುತ್ತದೆ, ಹೃದಯದ ಕವಾಟಕ್ಕೆ ತಗುಲಿದ್ದು ಹೋಗುವುದಿಲ್ಲ. ನನಗೆ ಸ್ವಲ್ಪ ತಗುಲಿತ್ತು. ಇಪ್ಪತ್ತೊಂದು ದಿನಕ್ಕೊಂದು ಪೆನ್ಸಿಲಿನ್ ಸೂಜಿ, ಅದೂ ಒಂದೆರಡು ವರ್ಷವಲ್ಲ, ದೊಡ್ಡವಳಾಗುವವರೆಗೆ. ಡಾಕ್ಟರು ಚೀಟಿ ಬರೆಯುತ್ತಾ, ಅಜ್ಜಿ ಗಂಟಲು ಹೆಂಗೆ ನೋಡುತ್ತಿದ್ದರು ಎಂದು ಅವ್ವನನ್ನು ಕೇಳಿದರು. ಮೂಗು, ಕೆಮ್ಮು, ಜ್ವರ, ದವಡೆಯ ಗಂಟು, ಬಿಳಿ ಎಂದು ಅವ್ವ ಒಂದೂ ಬಿಡದೆ ಹೇಳಿದಳು. ಅಷ್ಟು ವರ್ಷ ಬೈಯುತ್ತಲೇ ಕಲಿತುಬಿಟ್ಟಿದ್ದಳು.

"ನಾವೂ ಇದನ್ನ ಕೇಳ್ತೇವ್ರಿ," ಎಂದರು ಡಾಕ್ಟರು. "ಅಜ್ಜಿ ಕಣ್ಣ ಒಂದ ಮಾಡಿಸ್ರಿ ಮೊದಲ."

ಆ ಸೂಜಿ ಚುಚ್ಚಿದ ದಿನ ಕುಂಟುತ್ತಾ ಮನೆಗೆ ಬರಬೇಕು. ಇಳಕಲ್ಲಿನ ದವಾಖಾನೆಗೆ ಪ್ರತಿ ಸಲವೂ ಆಯಿ ನನ್ನ ಹೆಗಲ ಮೇಲೆ ಕೈಯಿಟ್ಟು ಬರುತ್ತಿದ್ದಳು. ಹೋಗುವಾಗ ನಾನು ಆಕೆಗೆ ಕೋಲು, ಬರುವಾಗ ಆಕೆ ನನಗೆ. ಹುಸೇನಬಿ ಬಾಗಿಲಲ್ಲಿ ನಿಂತು, ಕುಂಟಿ ಕುರುಡಿ ಜಾತ್ರಿಗೆ ಹೊಂಟಾರ ನೋಡ್ರಿ ಎಂದು ನಗಿಸುತ್ತಿದ್ದಳು, ಬಣ್ಣದ ಕೈ ಒರೆಸಿಕೊಂಡು ನನ್ನ ಬಾಯಿಗೆ ಬೆಲ್ಲ ಇಡುತ್ತಿದ್ದಳು. ಅಷ್ಟು ದಿನವೂ ಬಿಳಿ ನೂಲಿನ ಮಾತು ನನ್ನ ಗಂಟಲಲ್ಲೇ ಇತ್ತು. ಪ್ರತಿ ಸಲ ಹೇಳಬೇಕೆಂದುಕೊಳ್ಳುವೆ, ಪ್ರತಿ ಸಲ ಮನೆ ಬಂದುಬಿಡುತ್ತಿತ್ತು.

ಕೊನೆಗೆ ಹುನಗುಂದದಲ್ಲಿ ಕಣ್ಣಿನ ಶಿಬಿರವಾದಾಗ ಅವ್ವನೇ ಮುಂದೆ ನಿಂತು ಆಯಿಯನ್ನು ಒಪ್ಪಿಸಿದಳು. ಆಪರೇಶನ್ ಆಯಿತು. ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ ಮನೆಗೆ ಕರೆತಂದರು. ಓಣಿಯ ಜನ ನೋಡಲು ಬಂದು ಹೋದರು. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಪಡಸಾಲೆಯಲ್ಲಿ ಯಾರೂ ಇಲ್ಲದ್ದನ್ನು ನೋಡಿ ಆಯಿ ನನ್ನನ್ನು ಕರೆದಳು. ಕೈಯಲ್ಲಿ ಚಮಚವಿತ್ತು. ಕನ್ನಡಕವನ್ನು ಹಣೆಯ ಮೇಲೆ ಸರಿಸಿ, ನನ್ನ ಗದ್ದ ಎತ್ತಿ, ಚಮಚದ ಹಿಡಿಕೆಯನ್ನು ನಾಲಿಗೆಯ ಮೇಲಿಟ್ಟಳು. ನೀರು ಸುರಿಯುತ್ತಿದ್ದ ಆ ಕಣ್ಣಿನಿಂದ ನನ್ನ ಗಂಟಲನ್ನು ನೋಡುತ್ತಲೇ ಇದ್ದಳು.

"ಅವತ್ತ ಬಿಳಿ ಇತ್ತಲ್ಲ?"

ಚಮಚ ಇದ್ದುದರಿಂದ ಮಾತಾಡಲು ಆಗಲಿಲ್ಲ. ತಲೆಯಾಡಿಸಿದೆ. ಕಣ್ಣೀರು ಕಿವಿಯ ಕಡೆ ಇಳಿಯಿತು.

"ಮರುದಿನ ಮುಂಜಾನಿ ಬಸ್ಸಿಗೆ ಹೋಗೂವಾಗ ನೀ ನನ್ನ ಹತ್ರಕ್ಕ ಬಂದಿ. ನಿನ್ನ ಬಾಯಿ ವಾಸನಿ ನನ್ನ ಮೂಗಿಗೆ ಬಡೀತು. ನಮ್ಮ ಕೂಸಿನ ಬಾಯಾಗ ಬಂದಿದ್ದ ವಾಸನಿ ಅದು. ನನಗ ಗೊತ್ತಾತು. ಹೋಗಬ್ಯಾಡ ಅಂದ್ರ, ನಿನ್ನಿ ಏನ ನೋಡಿದ್ರಿ ಅಂತ ನಿಮ್ಮವ್ವ ಕೇಳ್ತಿದ್ಲು. ಅದಕ್ಕ ಸುಮ್ಕಾದ್ನಿ."

ಚಮಚ ನನ್ನ ಹಲ್ಲಿಗೆ ತಾಗಿತು. ಅದನ್ನು ಹೊರತೆಗೆದು ಸೆರಗಿಗೆ ಒರೆಸಿಕೊಂಡಳು.

"ಇಬ್ಬರೂ ಕೂಡೇ ಸುಳ್ಳ ಹೇಳಿದ್ವಿ ಮಗಳ. ಸೂಜಿ ಮಾತ್ರ ನಿನಗೊಬ್ಬಾಕಿಗೆ ಬಿತ್ತು."

ನನ್ನ ಬಾಯಿ ಇನ್ನೂ ತೆರೆದೇ ಇತ್ತು. ಆಯಿ ಕನ್ನಡಕ ಇಳಿಸಿಕೊಂಡು ನನ್ನ ಗದ್ದವನ್ನು ಮೆಲ್ಲಗೆ ಮೇಲಕ್ಕೊತ್ತಿದಳು.

"ಬಾಯಿ ಮುಚ್ಚು ಇನ್ನ, ನೊಣ ಹೊಕ್ಕಾವು."